ಮಗನ ಗೋಡೆಯ ಮೇಲಿನ ಪ್ಯಾಟನ್

ಪ್ರಶ್ನೆ: ನಮ್ಮದು ಕಾರವಾರದ ಬೈತಖೋಲ. ಮನೆಯವರು ಮೀನು ಹಿಡಿಯುವ ಬೋಟಿನಲ್ಲಿ ತಾಂಡೇಲ, ಅಂದರೆ ಬೋಟು ನಡೆಸುವವರು. ಮಗ ಪಿಯುಸಿ ಎರಡನೇ ವರ್ಷ. ಎನ್‌ಸಿಸಿಯಲ್ಲಿದ್ದಾನೆ, ಸೇನಾಧಿಕಾರಿಯಾಗಲು ಎನ್‌ಡಿಎ ಪರೀಕ್ಷೆಗೆ ಓದುತ್ತಿದ್ದಾನೆ. ಅಮೆರಿಕದ ಜನರಲ್ ಪ್ಯಾಟನ್ ಅಂದರೆ ಅವನಿಗೆ ದೇವರು. ಗೋಡೆಯ ಮೇಲೆ ಫೋಟೊ ಅಂಟಿಸಿದ್ದಾನೆ. ಈಚೆಗೆ ಜೂನಿಯರ್ ಹುಡುಗರ ಮೇಲೆ ಕೂಗಾಡುತ್ತಾನೆ. ಒಬ್ಬನಿಗೆ ಕೈ ಎತ್ತಿದ ಅಂತ ದೂರೂ ಬಂತು. ಕೇಳಿದರೆ, ‘ಪ್ಯಾಟನ್ ಕಾಯಿಲೆ ಬಿದ್ದ ಸೈನಿಕನಿಗೇ ಹೊಡೆದಿದ್ದ, ಆದ್ರೂ ಯುದ್ಧ ಗೆದ್ದ, ಹೆದರಿಕೆ ಇಲ್ಲದೆ ಶಿಸ್ತು ಬರಲ್ಲ’ ಅಂತಾನೆ. ಅವರಪ್ಪನೂ ಹೂಂ ಅಂತಾರೆ. ಆ ಮನುಷ್ಯ ನಿಜಕ್ಕೂ ಅಷ್ಟು ದೊಡ್ಡವನಾ? ಹೊಡೆದದ್ದು ನಿಜವಾ? ಆ ಫೋಟೊ ತೆಗೆಸಬೇಕಾ?

ಉತ್ತರ: ತಾಯಿ, ಮೂರು ಪ್ರಶ್ನೆಗಳಲ್ಲಿ ನಡುವಿನದ್ದಕ್ಕೆ ಮೊದಲು ಉತ್ತರ ಕೊಡುತ್ತೇನೆ. ಹೊಡೆದದ್ದು ನಿಜ. ಒಂದು ವಾರದ ಅಂತರದಲ್ಲಿ ಇಬ್ಬರಿಗೆ ಹೊಡೆದ. ಗೆದ್ದದ್ದೂ ನಿಜ. ಎರಡನೇ ಮಹಾಯುದ್ಧದಲ್ಲಿ ದೊಡ್ಡ ಸೇನೆಯನ್ನು ಅವನಷ್ಟು ಚುರುಕಾಗಿ ನಡೆಸಿದ ಅಮೆರಿಕನ್ ಜನರಲ್ ಇನ್ನೊಬ್ಬ ಇರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ನಿಮ್ಮ ಮಗ ತಪ್ಪಿದ್ದು ಈ ಎರಡನ್ನೂ ಸೇರಿಸಿ ಗಂಟು ಹಾಕಿದ್ದರಲ್ಲಿ. ಹೊಡೆದ, ಹಾಗಾಗಿ ಗೆದ್ದ ಅಂತ ಅವನ ಲೆಕ್ಕ. ಆ ಲೆಕ್ಕ ತಾಳೆಯಾಗುವುದಿಲ್ಲ. ಈ ಜಿಲ್ಲೆಯ ಕಾಲೇಜುಗಳಲ್ಲಿ ಮೂವತ್ತು ವರ್ಷ ಇತಿಹಾಸ ಪಾಠ ಮಾಡಿದ್ದೇನೆ, ಅದರಲ್ಲಿ ಹನ್ನೆರಡು ವರ್ಷ ಎನ್‌ಸಿಸಿಯನ್ನೂ ನೋಡಿಕೊಂಡಿದ್ದೇನೆ. ಪ್ಯಾಟನ್‌ನ ಫೋಟೊ ಇಟ್ಟುಕೊಂಡ ಹುಡುಗರನ್ನು ಬಹಳ ಮಂದಿ ನೋಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಓದಿ ಮಗನಿಗೂ ಕೊಡಿ.

1943ರ ಆಗಸ್ಟ್ 3. ಇಟಲಿಯ ತುದಿಯಲ್ಲಿರುವ ಸಿಸಿಲಿ ದ್ವೀಪ. ಜುಲೈ 10ಕ್ಕೆ ಅಲ್ಲಿ ಇಳಿದ ಅಮೆರಿಕದ ಏಳನೇ ಸೇನೆಗೆ ಪ್ಯಾಟನ್ ಮುಖ್ಯಸ್ಥ. ನಿಕೋಸಿಯಾ ಎಂಬ ಊರಿನ ಹತ್ತಿರ ಡೇರೆಯಲ್ಲಿ ಒಂದು ಮಿಲಿಟರಿ ಆಸ್ಪತ್ರೆ ನಡೆಯುತ್ತಿತ್ತು. ಗಾಯಾಳುಗಳನ್ನು ನೋಡಲು ಅವನು ಅಲ್ಲಿಗೆ ಬಂದ. ಇದು ಅವನ ರೂಢಿ. ಕೈಕಾಲು ಕಳೆದುಕೊಂಡವರ ಪಕ್ಕ ನಿಲ್ಲುತ್ತಿದ್ದ, ಊರು ಯಾವುದು ಅಂತ ಕೇಳುತ್ತಿದ್ದ, ಕೆಲವೊಮ್ಮೆ ಅಲ್ಲೇ ಕಣ್ಣೀರು ಹಾಕುತ್ತಿದ್ದ. ಆ ದಿನವೂ ಹಾಗೇ ಸಾಲಾಗಿ ನೋಡುತ್ತಾ ಬಂದ. ಮೈಮೇಲೆ ಒಂದು ಬ್ಯಾಂಡೇಜೂ ಇಲ್ಲದ ಹುಡುಗನೊಬ್ಬ ಕೂತಿದ್ದ. ಹೆಸರು ಚಾರ್ಲ್ಸ್ ಕುಲ್. ಎಲ್ಲಿ ಏಟಾಗಿದೆ ಅಂತ ಕೇಳಿದ. ಏಟಲ್ಲ, ಇನ್ನು ನನ್ನ ಕೈಲಿ ತಡೆಯೋಕೆ ಆಗ್ತಿಲ್ಲ ಅನ್ನುವ ಅರ್ಥದ ಮಾತು ಹುಡುಗನ ಬಾಯಿಂದ ಬಂತು. ಪ್ಯಾಟನ್‌ನ ಮೈಯೆಲ್ಲ ಉರಿದುಹೋಯಿತು. ಕೈಯಲ್ಲಿದ್ದ ಗ್ಲೌಸಿನಿಂದ ಮುಖಕ್ಕೆ ಹೊಡೆದ. ಕೊರಳಪಟ್ಟಿ ಹಿಡಿದು ಎಳೆದು, ಒದ್ದು ಡೇರೆಯಿಂದ ಹೊರಗೆ ಹಾಕಿದ.

ಆಮೇಲೆ ಡಾಕ್ಟರುಗಳು ನೋಡಿದರೆ ಹುಡುಗನಿಗೆ 102 ಡಿಗ್ರಿ ಜ್ವರ. ತುಂಬಾ ದಿನದಿಂದ ಭೇದಿ. ಮೇಲಿಂದ ಮಲೇರಿಯಾ.

ಮಲೇರಿಯಾ ಅಂದರೆ ಏನು ಅಂತ ನಮ್ಮ ಘಟ್ಟದ ಮೇಲಿನವರಿಗೆ ಹೇಳಬೇಕಾಗಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಒಂದು ಕಾಲದಲ್ಲಿ ಚಳಿಜ್ವರಕ್ಕೆ ಹೆದರಿ ಹೆಣ್ಣು ಕೊಡಲೂ ಹಿಂದೆಮುಂದೆ ನೋಡುತ್ತಿದ್ದರು. ಡಿಡಿಟಿ ಹೊಡೆಯಲು ಶುರುವಾದ ಮೇಲೆ ಅದು ಹತೋಟಿಗೆ ಬಂತು. ನನ್ನ ಅಜ್ಜಿ ಹೇಳುತ್ತಿದ್ದ ಒಂದು ಮಾತು ನೆನಪಿದೆ. ಮೂರು ಕಂಬಳಿ ಹೊದಿಸಿ, ಅದರ ಮೇಲೆ ಒಬ್ಬರು ಕೂತರೂ ರೋಗಿ ಮಂಚದ ಸಮೇತ ನಡುಗುತ್ತಿದ್ದ ಅಂತ. ಆ ಜ್ವರ ಇಟ್ಟುಕೊಂಡು, ಹೊಟ್ಟೆ ಕೆಟ್ಟು, ಗುಂಡಿನ ಸದ್ದಿನ ನಡುವೆ ದಿನ ತಳ್ಳಿದ ಹುಡುಗ ಅವನು. ಅಂಥವನಿಗೆ ಹೇಡಿ ಅನ್ನುವ ಬಿರುದು ಸಿಕ್ಕಿತು.

ಒಂದು ವಾರ ಕಳೆದು, ಆಗಸ್ಟ್ 10ಕ್ಕೆ, ಇನ್ನೊಂದು ಆಸ್ಪತ್ರೆಯಲ್ಲಿ ಮತ್ತೆ ಅದೇ ಕಥೆ. ಈ ಸಲ ಫಿರಂಗಿ ದಳದ ಪಾಲ್ ಬೆನೆಟ್, ಇಪ್ಪತ್ತೊಂದು ವರ್ಷ. ಇವನ ವಿಷಯ ನನಗೆ ಇನ್ನೂ ಜಾಸ್ತಿ ನೋವು ಕೊಡುತ್ತದೆ. ಯಾಕೆಂದರೆ ಇವನು ಆಸ್ಪತ್ರೆಗೆ ಹೋಗಲ್ಲ, ನನ್ನ ಜೊತೆಯವರ ಹತ್ತಿರವೇ ಇರ್ತೇನೆ ಅಂತ ಬೇಡಿಕೊಂಡಿದ್ದ. ಡಾಕ್ಟರೇ ಒತ್ತಾಯ ಮಾಡಿ ಕಳಿಸಿದ್ದರು. ಜ್ವರದಲ್ಲಿ ನಡುಗುತ್ತಿದ್ದ ಅವನನ್ನು ಏನಾಗಿದೆ ಅಂತ ಪ್ಯಾಟನ್ ಕೇಳಿದ. ನರಗಳದ್ದೇ ತೊಂದರೆ ಅಂದ. ಕೆನ್ನೆಗೆ ಬಿತ್ತು. ಪ್ಯಾಟನ್ ಪಿಸ್ತೂಲಿಗೂ ಕೈ ಹಾಕಿದ. ಹುಡುಗ ಅಳತೊಡಗಿದ. ಅತ್ತದ್ದಕ್ಕೆ ಇನ್ನೊಂದು ಏಟು ಬಿತ್ತು. ಕೊನೆಗೆ ಆಸ್ಪತ್ರೆಯ ಮುಖ್ಯಸ್ಥರು ಅಡ್ಡ ಬಂದು ನಿಲ್ಲಬೇಕಾಯಿತು.

ಈಗ ನಿಮ್ಮ ಮಗನನ್ನು ಒಂದು ಮಾತು ಕೇಳಿ. ಆ ಎರಡು ಏಟಿನಿಂದ ಯಾವ ಊರು ಗೆದ್ದ? ಯಾವ ಸೇತುವೆ ಹಿಡಿದ? ಒಂದೂ ಇಲ್ಲ. ಅದರಿಂದ ಕಳೆದುಕೊಂಡದ್ದು ಮಾತ್ರ ಲೆಕ್ಕಕ್ಕೆ ಸಿಗುತ್ತದೆ. ಮೇಲಿನ ಅಧಿಕಾರಿ ಐಸೆನ್‌ಹೋವರ್ ಖಾರವಾದ ಪತ್ರ ಬರೆದು ಕ್ಷಮೆ ಕೇಳುವಂತೆ ಹೇಳಿದರು. ಪತ್ರಕರ್ತರಿಗೆ ಗೊತ್ತಿದ್ದರೂ ಆಗ ಬರೆಯಲಿಲ್ಲ. ನವೆಂಬರ್‌ನಲ್ಲಿ ಡ್ರೂ ಪಿಯರ್ಸನ್ ಎಂಬ ಪತ್ರಕರ್ತ ರೇಡಿಯೊದಲ್ಲಿ ಹೇಳಿಬಿಟ್ಟ. ಅಮೆರಿಕದಲ್ಲಿ ದೊಡ್ಡ ಗಲಾಟೆಯಾಯಿತು. ಸಿಸಿಲಿಯಲ್ಲಿ ಪ್ಯಾಟನ್‌ನ ಕೈಕೆಳಗಿದ್ದ ಬ್ರಾಡ್ಲಿ ಅವನಿಗಿಂತ ಮೇಲೆ ಹೋದ. ಅದಕ್ಕೆ ಈ ಪ್ರಕರಣವೂ ಒಂದು ದೊಡ್ಡ ಕಾರಣ. ಹತ್ತಿರ ಹತ್ತಿರ ಒಂದು ವರ್ಷ ಪ್ಯಾಟನ್‌ಗೆ ಕಾದಾಟದ ಹೊಣೆಯೇ ಸಿಗಲಿಲ್ಲ. 1944ರ ಜೂನ್ 6ಕ್ಕೆ ಫ್ರಾನ್ಸಿನ ನಾರ್ಮಂಡಿಯ ದಡದಲ್ಲಿ ಅಷ್ಟು ದೊಡ್ಡ ದಾಳಿ ನಡೆದಾಗ, ಬದುಕಿಡೀ ಅಂಥದ್ದೊಂದು ದಿನಕ್ಕೆ ಕಾದಿದ್ದ ಮನುಷ್ಯ ಇಂಗ್ಲೆಂಡಿನಲ್ಲಿ ಕೂತಿದ್ದ. ಹೆಸರಿಗೆ ಒಂದು ಸೇನೆಯ ಮುಖ್ಯಸ್ಥ ಆಗಿದ್ದ. ಜರ್ಮನ್ನರನ್ನು ದಾರಿ ತಪ್ಪಿಸಲು ರಬ್ಬರಿನ ಟ್ಯಾಂಕು, ಸುಳ್ಳು ರೇಡಿಯೊ ಸಂದೇಶಗಳಿಂದ ಕಟ್ಟಿದ ಸೇನೆ ಅದು. ಪ್ಯಾಟನ್ ಇದ್ದಾನೆ ಅಂದರೆ ನಿಜವಾದ ದಾಳಿ ಅಲ್ಲಿಂದಲೇ ಅಂತ ಶತ್ರುಗಳು ನಂಬಿದರು. ಅವರಿಗೆ ಅವನ ಬೆಲೆ ಅಷ್ಟು ಗೊತ್ತಿತ್ತು.

ಇಲ್ಲಿ ನನ್ನದೇ ಒಂದು ನೆನಪು ಹೇಳಬೇಕು. ಬಹಳ ವರ್ಷದ ಹಿಂದೆ ಒಂದು ಎನ್‌ಸಿಸಿ ಶಿಬಿರದಲ್ಲಿ ನಮ್ಮ ಘಟ್ಟದ ಮೇಲಿನ ಹುಡುಗನೊಬ್ಬ ಪರೇಡಿನಲ್ಲಿ ಹೆಜ್ಜೆ ತಪ್ಪಿದ. ಇನ್ನೊಮ್ಮೆ ತಪ್ಪಿದ. ಅಲ್ಲಿದ್ದ ಅಧಿಕಾರಿಯೊಬ್ಬರು ಎಲ್ಲರ ಮುಂದೆ ಅವನ ಕೆನ್ನೆಗೆ ಹೊಡೆದರು. ಹುಡುಗ ಕಣ್ಣು ಮಿಟುಕಿಸದೆ ನಿಂತ. ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ, ಸುಮ್ಮನಿದ್ದೆ. ಸಂಜೆ ಆ ಹುಡುಗನ ಮೈ ಮುಟ್ಟಿದರೆ ಕೆಂಡ. ರಾತ್ರಿ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ನಾನೇ. ದಾರಿಯಲ್ಲಿ ಅವನು ನನ್ನ ಹತ್ತಿರ ಕೇಳಿದ್ದು ಒಂದೇ ಮಾತು, ‘ಸರ್, ಸರ್ಟಿಫಿಕೇಟ್ ಸಿಗುತ್ತಲ್ವಾ?’ ಮುಂದಿನ ವರ್ಷ ಅವನು ಎನ್‌ಸಿಸಿಗೆ ಬರಲಿಲ್ಲ. ಆ ದಿನ ಪರೇಡು ಶಿಸ್ತಿನಿಂದಲೇ ಮುಗಿಯಿತು, ಅದು ನಿಜ. ಆದರೆ ಒಬ್ಬ ಒಳ್ಳೆಯ ಕ್ಯಾಡೆಟ್ ಕೈತಪ್ಪಿ ಹೋದ. ಅದು ನನ್ನನ್ನು ಇವತ್ತಿಗೂ ಕಾಡುತ್ತದೆ. ಅದಕ್ಕೇ ನಿಮ್ಮ ಪತ್ರ ಓದಿದ ಕೂಡಲೇ ಉತ್ತರ ಬರೆಯಲು ಕೂತೆ.

ಹಾಗಾದರೆ ಪ್ಯಾಟನ್ ಗೆದ್ದದ್ದು ಹೇಗೆ? ಇದು ಮುಖ್ಯ ಪ್ರಶ್ನೆ. ಇದಕ್ಕೆ ನಿಮ್ಮ ಮನೆಯವರೇ ಅರ್ಧ ಉತ್ತರ ಕೊಡಬಲ್ಲರು. ಒಳ್ಳೆಯ ತಾಂಡೇಲ ದಡ ಬಿಡುವ ಮೊದಲೇ ಅರ್ಧ ಕೆಲಸ ಮುಗಿಸಿರುತ್ತಾನೆ, ಅಲ್ವಾ? ಗಾಳಿ ಯಾವ ಕಡೆಯದ್ದು, ನೀರಿನ ಬಣ್ಣ ಹೇಗಿದೆ, ಹಕ್ಕಿ ಎಲ್ಲಿ ಮುಗಿಬೀಳುತ್ತಿವೆ, ಡೀಸೆಲ್ ಎಷ್ಟಿದೆ, ಐಸ್ ಎಷ್ಟಿದೆ. ಬಲೆ ಬಿಡುವ ಹೊತ್ತಿಗೆ ಅವನು ಕೂಗುವುದು ಎಲ್ಲರಿಗೂ ಕೇಳಿಸುತ್ತದೆ. ಅದಕ್ಕೆ ಮೊದಲು ಮಾಡಿದ್ದು ಯಾರಿಗೂ ಕಾಣುವುದಿಲ್ಲ. ಪ್ಯಾಟನ್‌ನದ್ದೂ ಹಾಗೇ. ಕೂಗು ಮಾತ್ರ ಜಗತ್ತಿಗೆ ಕೇಳಿಸಿತು.

1944ರ ಡಿಸೆಂಬರ್ ನೋಡಿ. ಆಗ ಪ್ಯಾಟನ್ ಮೂರನೇ ಸೇನೆಯ ಮುಖ್ಯಸ್ಥ. ಫ್ರಾನ್ಸಿನ ಪೂರ್ವದ ಗಡಿಯಲ್ಲಿ ಜರ್ಮನಿಯ ಕಡೆ ಮುಖ ಮಾಡಿ ನಿಂತಿದ್ದ. ಅವನ ಜೊತೆ ಆಸ್ಕರ್ ಕೋಚ್ ಅಂತ ಒಬ್ಬ ಕರ್ನಲ್ ಇದ್ದ. ಶತ್ರುವಿನ ಸುದ್ದಿ ಸಂಗ್ರಹಿಸುವುದು ಅವನ ಕೆಲಸ. ಹೆಚ್ಚು ಮಾತಿನವನಲ್ಲ. ಡಿಸೆಂಬರ್ 9ಕ್ಕೆ ಅವನು ಪ್ಯಾಟನ್‌ನ ಮುಂದೆ ಒಂದು ವಿಷಯ ಇಟ್ಟ. ನಮ್ಮ ಉತ್ತರಕ್ಕೆ, ಬೇರೆ ಅಮೆರಿಕನ್ ಸೇನೆ ನಿಂತಿರುವ ಜಾಗದ ಎದುರು, ಜರ್ಮನ್ನರು ಸದ್ದಿಲ್ಲದೆ ಸೈನ್ಯ ಗುಡ್ಡೆ ಹಾಕುತ್ತಿದ್ದಾರೆ, ಅಲ್ಲಿಂದ ದೊಡ್ಡ ಹೊಡೆತ ಬೀಳಬಹುದು ಅಂತ. ಅದು ಪ್ಯಾಟನ್‌ನ ಜಾಗವೇ ಅಲ್ಲ. ಸ್ವತಃ ಅವನು ಪೂರ್ವಕ್ಕೆ ನುಗ್ಗುವ ತಯಾರಿಯಲ್ಲಿದ್ದ. ಮೇಲಿನವರು ಬಹುತೇಕ ಎಲ್ಲರೂ ಜರ್ಮನಿ ಸೋತುಹೋಯಿತು ಅಂತ ನಂಬಿ ಕೂತಿದ್ದ ಸಮಯ. ಅಂಥ ಹೊತ್ತಿನಲ್ಲಿ ಈ ಮುಂಗೋಪಿ ಮನುಷ್ಯ ಏನು ಮಾಡಿದ? ತನಗೆ ಇಷ್ಟವಿಲ್ಲದ ಸುದ್ದಿಯನ್ನು ಬಾಯಿ ಮುಚ್ಚಿ ಕೇಳಿದ. ಉತ್ತರಕ್ಕೆ ತಿರುಗಬೇಕಾದರೆ ಏನೇನು ಬೇಕು ಅಂತ ಈಗಲೇ ಯೋಚಿಸಿಡಿ ಅಂತ ಆಜ್ಞೆ ಕೊಟ್ಟ.

ಡಿಸೆಂಬರ್ 16ಕ್ಕೆ ಹೊಡೆತ ಬಿದ್ದೇಬಿಟ್ಟಿತು. ಆರ್ಡೆನ್ ಕಾಡಿನಲ್ಲಿ, ಮಂಜು ಮತ್ತು ಹಿಮದ ನಡುವೆ. ಬಾಸ್ಟೋನ್ ಎಂಬ ಬೆಲ್ಜಿಯಂನ ಸಣ್ಣ ಪೇಟೆಯಲ್ಲಿದ್ದ ಅಮೆರಿಕನ್ ಸೈನಿಕರನ್ನು ಜರ್ಮನ್ನರು ಸುತ್ತುವರಿಯತೊಡಗಿದರು. 19ಕ್ಕೆ ಫ್ರಾನ್ಸಿನ ವೆರ್ಡನ್‌ನಲ್ಲಿ ಜನರಲ್‌ಗಳ ಸಭೆ. ಎಷ್ಟು ದಿನದಲ್ಲಿ ಬರಬಲ್ಲೆ ಅಂತ ಐಸೆನ್‌ಹೋವರ್ ಕೇಳಿದರು. ಮೂರು ಡಿವಿಜನ್ ತಗೊಂಡು 22ಕ್ಕೆ ಅಂದ ಪ್ಯಾಟನ್. ಕೂತವರು ಇದು ಬಡಾಯಿ ಅಂದುಕೊಂಡರು. ಮುಖ ಪೂರ್ವಕ್ಕಿರುವ ಸೇನೆಯನ್ನು, ಟ್ಯಾಂಕು, ಫಿರಂಗಿ, ಲಾರಿ, ಆಹಾರ, ಪೆಟ್ರೋಲ್ ಸಮೇತ, ಚಳಿಗಾಲದ ಕಿರಿದಾದ ರಸ್ತೆಗಳಲ್ಲಿ ಉತ್ತರಕ್ಕೆ ತಿರುಗಿಸುವುದು ಮೂರು ದಿನದ ಮಾತಲ್ಲ. ಆದರೆ ಅವನು ಸಭೆಗೆ ಬರುವ ಮೊದಲೇ ಬೇರೆ ಬೇರೆ ಯೋಜನೆಗಳನ್ನು ಸಿದ್ಧಮಾಡಿಸಿ, ಪ್ರತಿಯೊಂದಕ್ಕೂ ಒಂದು ಗುಟ್ಟಿನ ಪದ ಇಟ್ಟು ಬಂದಿದ್ದ. ಸಭೆ ಮುಗಿಸಿ ಫೋನ್ ಎತ್ತಿ ಒಂದು ಪದ ಹೇಳಿದ. ಸೇನೆ ಹೊರಟಿತು. 22ಕ್ಕೆ ದಾಳಿ ಶುರುವಾಯಿತು. 26ರ ಸಂಜೆ ಅವನ ಮೊದಲ ಟ್ಯಾಂಕುಗಳು ಬಾಸ್ಟೋನ್ ಮುಟ್ಟಿದವು.

ಇದು ಅವನ ಬದುಕಿನ ಅತಿ ದೊಡ್ಡ ಗೆಲುವು. ಇದರಲ್ಲಿ ಕೆನ್ನೆಗೆ ಹೊಡೆದದ್ದು ಎಲ್ಲಿದೆ? ಮಾತು ಕಡಿಮೆಯ ಒಬ್ಬ ಕರ್ನಲ್ ಹೆದರದೆ ಅಪ್ರಿಯ ಸುದ್ದಿ ಹೇಳಿದ್ದರಲ್ಲಿ ಇದು ಶುರುವಾಯಿತು. ಕೋಚ್ ಪ್ಯಾಟನ್‌ಗೆ ಹೆದರಿ ನಡುಗುವವನಾಗಿದ್ದರೆ ಡಿಸೆಂಬರ್ 9ಕ್ಕೆ ಬಾಯಿ ಬಿಡುತ್ತಿರಲಿಲ್ಲ. ನಿಮ್ಮ ಮಗನ ‘ಹೆದರಿಕೆ ಇಲ್ಲದೆ ಶಿಸ್ತು ಬರಲ್ಲ’ ಅನ್ನುವ ಮಾತು ಇಲ್ಲಿ ಪೂರ್ತಿ ಉಲ್ಟಾ ಹೊಡೆಯುತ್ತದೆ. ಇದೊಂದು ಪ್ಯಾರಾವನ್ನು ಅವನು ಎರಡು ಸಲ ಓದಲಿ.

ಶಿಸ್ತು ಬೇಡ ಅಂತ ನಾನು ಹೇಳುತ್ತಿಲ್ಲ. 1943ರ ಫೆಬ್ರವರಿಯಲ್ಲಿ ಟ್ಯುನೀಶಿಯಾದ ಕಾಸರಿನ್ ಕಣಿವೆಯಲ್ಲಿ ಅಮೆರಿಕನ್ನರು ಜರ್ಮನ್ನರ ಕೈಲಿ ಚೆನ್ನಾಗಿ ಪೆಟ್ಟು ತಿಂದರು. ಮಾರ್ಚ್‌ನಲ್ಲಿ ಆ ದಳವನ್ನು ಪ್ಯಾಟನ್‌ಗೆ ಒಪ್ಪಿಸಿದರು. ಹೆಲ್ಮೆಟ್ ಹಾಕಲೇಬೇಕು, ಟೈ ಕಟ್ಟಲೇಬೇಕು, ಇಲ್ಲದಿದ್ದರೆ ದಂಡ ಅಂದ. ಸೈನಿಕರು ಬೈದುಕೊಂಡರು. ಆದರೆ ಸೋತು ಜೋಲುಬಿದ್ದ ದಳ ಎರಡು ಮೂರು ವಾರದಲ್ಲಿ ನೆಟ್ಟಗಾಯಿತು, ಎಲ್ ಗೆಟಾರ್‌ನಲ್ಲಿ ಜರ್ಮನ್ ಟ್ಯಾಂಕುಗಳನ್ನು ತಡೆದು ನಿಲ್ಲಿಸಿತು. ಬಿಗಿ ನಿಯಮ ಇಡುವುದು ಬೇರೆ, ಜ್ವರದಲ್ಲಿರುವವನ ಮೈಮೇಲೆ ಕೈ ಮಾಡುವುದು ಬೇರೆ. ಮೊದಲನೆಯದ್ದು ಎಲ್ಲರಿಗೂ ಒಂದೇ. ಎರಡನೆಯದ್ದು ಸಿಕ್ಕವನಿಗೆ ಮಾತ್ರ.

ನನಗೆ ಇಷ್ಟವಾದ ಪ್ಯಾಟನ್ ಇನ್ನೊಬ್ಬ ಇದ್ದಾನೆ. ಅವನು ಯಾರ ಗೋಡೆಯ ಮೇಲೂ ಇರುವುದಿಲ್ಲ. 1944ರ ನವೆಂಬರ್‌ನಲ್ಲಿ ಫ್ರಾನ್ಸಿನ ಲೊರೇನ್ ಪ್ರದೇಶದಲ್ಲಿ ಬಿಡದೆ ಮಳೆ. ಕಂದಕಗಳಲ್ಲಿ ಮೊಣಕಾಲುದ್ದ ಕೆಸರು. ನಮ್ಮಲ್ಲಿ ಗದ್ದೆ ನೆಟ್ಟಿ ಸಮಯದಲ್ಲಿ ಬೆರಳ ಸಂದಿನಲ್ಲಿ ಕೆಸರುಹುಣ್ಣು ಆಗುತ್ತದಲ್ಲ, ಆ ಥರ ಕಾಲಿನ ತೊಂದರೆ. ಆದರೆ ಅಲ್ಲಿ ಚಳಿಯೂ ಸೇರಿ ಪಾದ ಮರಗಟ್ಟಿ, ಊದಿ, ಕೊಳೆಯುವ ಮಟ್ಟಕ್ಕೆ ಹೋಗುತ್ತಿತ್ತು. ಸಾವಿರಾರು ಜನ ಗುಂಡು ತಗುಲದೆಯೇ ಆಸ್ಪತ್ರೆ ಸೇರಿದರು. ಆಗ ಪ್ಯಾಟನ್ ಕೊಟ್ಟ ಆಜ್ಞೆ ಏನು ಗೊತ್ತಾ? ದಿನದ ಊಟದ ಸಾಮಾನಿನ ಜೊತೆ ಪ್ರತಿ ಸೈನಿಕನಿಗೂ ಒಂದು ಜೊತೆ ಒಣಗಿದ ಕಾಲುಚೀಲ ಹೋಗಬೇಕು. ಒದ್ದೆಯದ್ದು ಕಳಚಿ, ಕಾಲು ತಿಕ್ಕಿ, ಒಣಗಿದ್ದು ಹಾಕಿಕೊಳ್ಳಬೇಕು. ಲಕ್ಷಗಟ್ಟಲೆ ಜನರ ಸೇನೆಯ ದಂಡನಾಯಕ ಕಾಲುಚೀಲದ ಬಗ್ಗೆ ತಲೆ ಕೆಡಿಸಿಕೊಂಡ. ದೊಡ್ಡತನ ಅಂದರೆ ನನಗೆ ಇದು.

ಆದರೆ ಜಗತ್ತು ನೋಡಿದ್ದು ವೇಷವನ್ನು. ದಂತದ ಹಿಡಿಯ ಪಿಸ್ತೂಲು, ಹೊಳೆಯುವ ಹೆಲ್ಮೆಟ್ಟು, ಸವಾರಿಯ ಬೂಟು, ಬಾಯಿ ತುಂಬ ಬೈಗುಳ. ಹುಟ್ಟಿದ್ದು 1885ರಲ್ಲಿ, ಕ್ಯಾಲಿಫೋರ್ನಿಯಾದ ಶ್ರೀಮಂತ ಮನೆಯಲ್ಲಿ. ಹುಡುಗನಾಗಿದ್ದಾಗ ಓದು ಬರಹ ಬಹಳ ತಡವಾಗಿ ಹತ್ತಿತು. ಕೊನೆಯವರೆಗೂ ಕಾಗುಣಿತ ತಪ್ಪುತ್ತಿತ್ತು. ವೆಸ್ಟ್ ಪಾಯಿಂಟ್ ಸೈನಿಕ ಕಾಲೇಜಿನಲ್ಲಿ ಗಣಿತದಲ್ಲಿ ಫೇಲಾಗಿ ಮೊದಲ ವರ್ಷವನ್ನು ಇನ್ನೊಮ್ಮೆ ಓದಿದ. ದನಿಯೂ ತೆಳು, ಕೀರಲು. ಅದನ್ನೆಲ್ಲ ಮುಚ್ಚಿಕೊಳ್ಳಲು ಕನ್ನಡಿಯ ಮುಂದೆ ನಿಂತು ಉಗ್ರವಾದ ಮುಖ ಮಾಡುವುದನ್ನು ಅಭ್ಯಾಸ ಮಾಡುತ್ತಿದ್ದ. ತಾನು ಹೇಡಿಯಾಗಿಬಿಟ್ಟೇನೋ ಅನ್ನುವ ಭಯ ಅವನಿಗೆ ಜೀವನವಿಡೀ ಇತ್ತು, ಡೈರಿಯಲ್ಲೂ ಅದು ಕಾಣುತ್ತದೆ. ಆಸ್ಪತ್ರೆಯಲ್ಲಿ ಹೆದರಿದ ಹುಡುಗನನ್ನು ಕಂಡರೆ ಮೈ ಉರಿಯುತ್ತಿದ್ದದ್ದು ಅದಕ್ಕೇ ಇರಬೇಕು ಅಂತ ನನಗೆ ಅನ್ನಿಸುತ್ತದೆ. ಏಟು ತಿಂದ ಕುಲ್ ಕೂಡ ಆಮೇಲೆ, ಪ್ಯಾಟನ್‌ಗೂ ಯುದ್ಧದ ದಣಿವು ಹತ್ತಿತ್ತು ಅಂತ ಕಾಣ್ತದೆ ಅಂದಿದ್ದ. ಹೊಡೆದವನ ಬಗ್ಗೆ ಹಾಗೆ ಮಾತಾಡಲು ದೊಡ್ಡ ಮನಸ್ಸು ಬೇಕು.

ನಮ್ಮ ಕಡೆ ಯಕ್ಷಗಾನ ನೋಡಿ ಬೆಳೆದವರಿಗೆ ಇದು ಅರ್ಥವಾಗುತ್ತದೆ. ಚೌಕಿಯಲ್ಲಿ ಗಂಟೆಗಟ್ಟಲೆ ಕೂತು ಬಣ್ಣ ಹಚ್ಚಿಕೊಂಡವನು ರಂಗಕ್ಕೆ ಬಂದಾಗ ರಾಕ್ಷಸನೇ. ಬೆಳಿಗ್ಗೆ ಬಣ್ಣ ತೆಗೆದು ಚಾ ಕುಡಿಯುವಾಗ ಅವನು ನಮ್ಮ ಪಕ್ಕದ ಊರಿನ ಮಾಮೂಲಿ ಮನುಷ್ಯ. ಪ್ಯಾಟನ್‌ನ ತೊಂದರೆ ಏನೆಂದರೆ ಅವನಿಗೆ ಬಣ್ಣ ತೆಗೆಯುವ ಹೊತ್ತೇ ಗೊತ್ತಾಗುತ್ತಿರಲಿಲ್ಲ.

ಬಣ್ಣದ ಮಾತುಗಳಿಗೂ ಬೆಲೆ ತೆರಬೇಕಾಗುತ್ತದೆ. ಸಿಸಿಲಿಗೆ ಇಳಿಯುವ ಮೊದಲು ಅವನು ತನ್ನ ದಳಗಳ ಮುಂದೆ ಕರುಣೆ ಬೇಡ, ಹತ್ತಿರ ಬರುವವರೆಗೂ ಗುಂಡು ಹೊಡೆದವನು ಆಮೇಲೆ ಕೈ ಎತ್ತಿದರೂ ಬಿಡಬೇಡಿ ಅನ್ನುವ ಅರ್ಥದಲ್ಲಿ ಭಾಷಣ ಮಾಡಿದ್ದ. 1943ರ ಜುಲೈ 14ಕ್ಕೆ ಬಿಸ್ಕಾರಿ ಎಂಬ ಊರಿನ ಹತ್ತಿರ ಅಮೆರಿಕನ್ ಸೈನಿಕರು ಎಪ್ಪತ್ತಕ್ಕೂ ಹೆಚ್ಚು ಕೈದಿಗಳನ್ನು, ಹೆಚ್ಚಿನವರು ಇಟಲಿಯವರು, ಗುಂಡಿಟ್ಟು ಕೊಂದರು. ವಿಚಾರಣೆಯಲ್ಲಿ ಆರೋಪಿಗಳು ಜನರಲ್‌ನ ಭಾಷಣವನ್ನೇ ಮುಂದಿಟ್ಟರು. ಸುದ್ದಿ ಬಂದಾಗ ಪ್ಯಾಟನ್ ಮೊದಲು ಅಂದದ್ದು, ಸತ್ತವರು ಮರೆಯಿಂದ ಗುಂಡು ಹೊಡೆಯುತ್ತಿದ್ದರು ಅಥವಾ ಓಡಲು ನೋಡಿದರು ಅಂತ ಬರೆಸಿಬಿಡಿ ಅಂತ. ಬ್ರಾಡ್ಲಿ ಒಪ್ಪಲಿಲ್ಲ, ಕೇಸು ನಡೆಯಿತು. ಕಪಾಳಕ್ಕೆ ಹೊಡೆದದ್ದು ಎಲ್ಲರಿಗೂ ಗೊತ್ತು. ಬಿಸ್ಕಾರಿ ಬಹಳ ಜನರಿಗೆ ಗೊತ್ತಿಲ್ಲ. ಎರಡರಲ್ಲಿ ನನಗೆ ಇದೇ ದೊಡ್ಡ ಕಳಂಕ.

ಇನ್ನೊಂದು ಹಾಮೆಲ್‌ಬುರ್ಗ್. ಬಾಸ್ಟೋನ್‌ನಲ್ಲಿ ಮಾಡಿದ್ದನ್ನೆಲ್ಲ ಇಲ್ಲಿ ಮಾಡಲಿಲ್ಲ. 1945ರ ಮಾರ್ಚ್ ಕೊನೆ. ಯುದ್ಧ ಮುಗಿಯಲು ಆರು ವಾರ ಬಾಕಿ. ಶತ್ರುವಿನ ನೆಲದಲ್ಲಿ ತುಂಬ ಒಳಗೆ, ಹಾಮೆಲ್‌ಬುರ್ಗ್ ಎಂಬ ಊರಿನ ಹತ್ತಿರ ಯುದ್ಧಕೈದಿಗಳ ಶಿಬಿರ. ಪ್ಯಾಟನ್‌ನ ಅಳಿಯ ಜಾನ್ ವಾಟರ್ಸ್ 1943ರಲ್ಲಿ ಟ್ಯುನೀಶಿಯಾದಲ್ಲಿ ಸೆರೆಸಿಕ್ಕಿದ್ದ. ಅವನು ಅಲ್ಲಿರಬಹುದು ಅಂತ ಸುದ್ದಿ. ಪ್ಯಾಟನ್ ಸುಮಾರು 300 ಜನರ ಒಂದು ಸಣ್ಣ ದಳವನ್ನು ಕ್ಯಾಪ್ಟನ್ ಏಬ್ರಹಾಂ ಬಾಮ್‌ನ ಕೈಲಿ ಕೊಟ್ಟು ಕಳಿಸಿದ. ಇಷ್ಟು ಸಣ್ಣ ದಳ ಸಾಲದು, ಹೋಗುವುದೇ ಆದರೆ ದೊಡ್ಡದಾಗಿ ಹೋಗಬೇಕು ಅಂತ ಕೈಕೆಳಗಿನ ಅನುಭವಿಗಳು ಹೇಳಿದರು. ಈ ಸಲ ಕೇಳಲಿಲ್ಲ. ಜೊತೆಗೆ ತನ್ನ ಆಪ್ತ ಅಧಿಕಾರಿಯೊಬ್ಬನನ್ನೂ ಕಳಿಸಿದ. ಅವನಿಗೆ ವಾಟರ್ಸ್‌ನ ಮುಖದ ಪರಿಚಯ ಇತ್ತು.

ದಳ ಶಿಬಿರದವರೆಗೆ ಹೇಗೋ ತಲುಪಿತು. ಬಿಳಿ ಬಾವುಟದ ಜೊತೆ ಮಾತುಕತೆಗೆ ಹೊರಬಂದ ವಾಟರ್ಸ್‌ಗೇ ಜರ್ಮನ್ ಸೈನಿಕನೊಬ್ಬನ ಗುಂಡು ತಗುಲಿತು. ವಾಪಸು ಬರುವ ದಾರಿಯಲ್ಲಿ ಜರ್ಮನ್ನರು ಸುತ್ತುವರಿದರು. ಟ್ಯಾಂಕು, ಗಾಡಿ ಎಲ್ಲ ಹೋಯಿತು. ಸತ್ತವರು ಸತ್ತರು, ಉಳಿದವರಲ್ಲಿ ಹೆಚ್ಚಿನವರು ತಾವೇ ಕೈದಿಗಳಾದರು. ತಪ್ಪಿಸಿಕೊಂಡು ಬಂದವರು ಕೆಲವೇ ಜನ. ಅಳಿಯ ಅಲ್ಲಿರುವುದು ತನಗೆ ಗೊತ್ತೇ ಇರಲಿಲ್ಲ ಅಂದ ಪ್ಯಾಟನ್. ಆದರೆ ದಳ ಹೊರಡುವ ಮೊದಲೇ ಹೆಂಡತಿಗೆ ಬರೆದ ಪತ್ರದಲ್ಲಿ ಜಾನ್‌ನನ್ನು ಕರೆತರುವ ಮಾತಿದೆ. ಕೆಲವೇ ದಿನಗಳಲ್ಲಿ ದೊಡ್ಡ ಸೇನೆ ಆ ದಾರಿಯಲ್ಲಿ ಬಂದು ಶಿಬಿರವನ್ನು ಬಿಡಿಸಿತು. ಸುಮ್ನೆ ಕಾದಿದ್ದರೆ ಸಾಕಿತ್ತು. ಮಗಳ ಗಂಡ ಸೆರೆಯಲ್ಲಿದ್ದರೆ ಅಪ್ಪನ ಮನಸ್ಸು ಏನಾಗುತ್ತದೆ ಅಂತ ನನಗೆ ಗೊತ್ತು. ಆದರೆ ಆ 300 ಹುಡುಗರೂ ಯಾರದೋ ಮಕ್ಕಳು, ಯಾರದೋ ಅಳಿಯಂದಿರು.

ಉಳಿದ ದೋಷಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕಪ್ಪು ಸೈನಿಕರ 761ನೇ ಟ್ಯಾಂಕ್ ದಳವನ್ನು ಎದುರಿಗೆ ಹೊಗಳಿ ಸ್ವಾಗತ ಮಾಡಿದ, ಖಾಸಗಿಯಾಗಿ ಅವರಿಗೆ ಟ್ಯಾಂಕ್ ಯುದ್ಧಕ್ಕೆ ಬೇಕಾದ ಚುರುಕು ಬುದ್ಧಿ ಇಲ್ಲ ಅಂತ ಬರೆದ. ಆ ದಳ ಅವನನ್ನು ಸುಳ್ಳು ಮಾಡಿತು. ಯುದ್ಧ ಮುಗಿದ ಮೇಲೆ ಜರ್ಮನಿಯ ಬವೇರಿಯಾದ ಆಡಳಿತ ಅವನ ಕೈಗೆ ಬಂತು. ಯಾತನಾಶಿಬಿರಗಳಿಂದ ಬದುಕಿ ಬಂದ ಯಹೂದಿಗಳ ಬಗ್ಗೆ ಡೈರಿಯಲ್ಲಿ ಬರೆದದ್ದು ಓದಿದರೆ ಹೊಟ್ಟೆ ತೊಳೆಸುತ್ತದೆ. ನಾಜಿ ಪಕ್ಷದವರನ್ನು ಕೆಲಸದಿಂದ ತೆಗೆಯಲು ಮೀನಮೇಷ ಎಣಿಸಿದ. ಅಮೆರಿಕದಲ್ಲಿ ಎರಡು ಪಕ್ಷ ಇದ್ದ ಹಾಗೇ ಇದೂ ಒಂದು ಅನ್ನುವ ಧಾಟಿಯಲ್ಲಿ 1945ರ ಸೆಪ್ಟೆಂಬರ್‌ನಲ್ಲಿ ಪತ್ರಕರ್ತರ ಮುಂದೆ ಮಾತಾಡಿದ. ಅಕ್ಟೋಬರ್‌ನಲ್ಲಿ ಮೂರನೇ ಸೇನೆಯ ಹೊಣೆ ಅವನ ಕೈತಪ್ಪಿತು. ಡಿಸೆಂಬರ್ 9ಕ್ಕೆ ಕಾರು ಅಪಘಾತ, 21ಕ್ಕೆ ಸಾವು. ಲಕ್ಸೆಂಬರ್ಗ್‌ನಲ್ಲಿ ತನ್ನ ಸೈನಿಕರ ಸಮಾಧಿಗಳ ನಡುವೆಯೇ ಅವನನ್ನು ಹೂಳಿದರು.

ಜೋ ಏಂಜೆಲೊನ ಕಥೆಯನ್ನು ಮಾತ್ರ ಬಿಡಲು ಮನಸ್ಸಿಲ್ಲ. ಮೊದಲ ಮಹಾಯುದ್ಧದಲ್ಲಿ, 1918ರ ಸೆಪ್ಟೆಂಬರ್ 26ಕ್ಕೆ, ಪ್ಯಾಟನ್‌ನ ತೊಡೆಗೆ ಗುಂಡು ಹೊಕ್ಕು ಬಿದ್ದಿದ್ದ. ಏಂಜೆಲೊ ಎಂಬ ಸಿಪಾಯಿ ಅವನನ್ನು ಹೊಂಡಕ್ಕೆ ಎಳೆದು, ಗಾಯಕ್ಕೆ ಪಟ್ಟಿ ಕಟ್ಟಿ ಜೀವ ಉಳಿಸಿದ. 1932ರಲ್ಲಿ ಕೆಲಸವಿಲ್ಲದ ಮಾಜಿ ಸೈನಿಕರು ಬರಬೇಕಾದ ಹಣಕ್ಕಾಗಿ ವಾಷಿಂಗ್ಟನ್‌ನಲ್ಲಿ ಗುಡಿಸಲು ಹಾಕಿ ಕೂತರು. ಅವರನ್ನು ಓಡಿಸಲು ಹೋದ ದಳದಲ್ಲಿ ಪ್ಯಾಟನ್ ಇದ್ದ, ಕೂತವರಲ್ಲಿ ಏಂಜೆಲೊ ಇದ್ದ. ಮಾರನೇ ದಿನ ಏಂಜೆಲೊ ಅವನನ್ನು ಕಾಣಲು ಬಂದ. ಇವನನ್ನು ಆಚೆ ಕಳಿಸಿ ಅಂದ ಪ್ಯಾಟನ್. ಆಮೇಲೆ ಜೊತೆಯವರಿಗೆ, ನನ್ನ ಜೀವ ಉಳಿಸಿದವನು ಅವನೇ ಅಂತ ಹೇಳಿದ. ಎದೆಯಲ್ಲಿ ಕರುಳಿತ್ತು, ಆದರೆ ವೇಷ ಅಡ್ಡ ಬಂತು.

ಮಗನಿಗೆ ಇನ್ನೊಬ್ಬರನ್ನು ತೋರಿಸಿ. ದೂರ ಹೋಗಬೇಕಾಗಿಲ್ಲ. ಟ್ಯಾಗೋರ್ ಕಡಲತೀರದಲ್ಲಿ ಚಾಪಲ್ ಯುದ್ಧನೌಕೆಯ ಪಕ್ಕ ಒಂದು ಪ್ರತಿಮೆ ಇದೆ. ರಾಮ ರಾಘೋಬ ರಾಣೆ, ಮೂಲ ಇಲ್ಲೇ ಚೆಂಡಿಯಾ. 1948ರ ಏಪ್ರಿಲ್ 8ರಿಂದ 11ರವರೆಗೆ ಕಾಶ್ಮೀರದ ನೌಶೇರಾದಿಂದ ರಜೌರಿಗೆ ಹೋಗುವ ರಸ್ತೆಯಲ್ಲಿ ನೆಲಬಾಂಬು, ಅಡ್ಡಹಾಕಿದ ಮರ, ಮೇಲಿಂದ ಗುಂಡಿನ ಮಳೆ. ಮೊದಲ ದಿನವೇ ಅವರ ತಂಡದ ಇಬ್ಬರು ಸತ್ತರು, ಐವರಿಗೆ ಗಾಯ. ಗಾಯವಾದವರಲ್ಲಿ ಅವರೂ ಒಬ್ಬರು. ಆದರೂ ಟ್ಯಾಂಕಿನ ಅಡಿಯಲ್ಲಿ ತೆವಳುತ್ತಾ, ಹಗ್ಗ ಎಳೆದು ಚಾಲಕನಿಗೆ ಸನ್ನೆ ಕೊಡುತ್ತಾ, ಒಂದೊಂದೇ ಬಾಂಬು ತೆಗೆದು ಸೇನೆಗೆ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ ಬಂತು. ಅಪಾಯದ ಕೆಲಸವನ್ನು ಮೊದಲು ತಮ್ಮ ಕೈಯಲ್ಲಿ ಮಾಡಿದರು, ಹಿಂದಿನವರು ಬಂದರು.

ಫೋಟೊ ತೆಗೆಸಬೇಡಿ. ತೆಗೆಸಿದರೆ ಮಗ ಅದನ್ನು ಪುಸ್ತಕದೊಳಗೆ ಇಟ್ಟುಕೊಳ್ಳುತ್ತಾನೆ, ಅಷ್ಟೇ. ಅವನು ಪ್ಯಾಟನ್‌ನ ಬಗ್ಗೆ ಇನ್ನೂ ಜಾಸ್ತಿ ಓದಲಿ. ಕೋಚ್ ಯಾರು, ಕಾಲುಚೀಲದ ಆಜ್ಞೆ ಏನು, ಬಾಮ್‌ನ ದಳಕ್ಕೆ ಏನಾಯಿತು, ಎಲ್ಲ ತಿಳಿಯಲಿ. ಎನ್‌ಡಿಎಗೆ ಹೋಗುವ ಹುಡುಗನಿಗೆ ಇದೆಲ್ಲ ಬೇಕಾದದ್ದೇ.

ಒಂದು ಕೆಲಸ ಮಾತ್ರ ಈ ವಾರವೇ ಆಗಲಿ. 1943ರ ಆಗಸ್ಟ್‌ನಲ್ಲಿ ಪ್ಯಾಟನ್ ತಾನು ಹೊಡೆದ ಆ ಇಬ್ಬರನ್ನೂ ಕರೆಸಿ, ಕ್ಷಮೆ ಕೇಳಿ, ಕೈಕುಲುಕಿದ್ದ. ಮೇಲಿನವರು ಹೇಳಿದ್ದಕ್ಕೆ ಮಾಡಿದ. ನಿಮ್ಮ ಮಗ ಕೈ ಎತ್ತಿದ ಆ ಜೂನಿಯರ್ ಹುಡುಗನ ಮನೆ ಎಲ್ಲಿ ಅಂತ ಕೇಳಿ. ಯಾರೂ ಆಜ್ಞೆ ಮಾಡುವ ಮೊದಲೇ ಅವನು ಅಲ್ಲಿಗೆ ಹೋಗಿ ಬರಲಿ. ಬೋಟು ದಡಕ್ಕೆ ಬಂದ ದಿನ ನೋಡಿಕೊಂಡು ಅವರಪ್ಪನೂ ಜೊತೆಗೆ ಹೋದರೆ ಇನ್ನೂ ಒಳ್ಳೆಯದು.